ಸವಣೂರಿನ ಗಾಡಿಗೆ ಎರಡು ನಿಂಬೆಹಣ್ಣು

ದೀಪಾವಳಿ ಮುಗಿದ ಎರಡನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಅಕ್ಕಿಆಲೂರಿನಲ್ಲಿ ಹಾನಗಲ್ಲಿನ ಬಸ್ಸು ಹತ್ತಿದೆ. ಟಿಕೆಟ್ಟಿಗೆ ಹದಿನೆಂಟು ರೂಪಾಯಿ. ಚಳಿ ಇತ್ತು. ರಸ್ತೆಯ ಒಂದು ಬದಿಗೆ ಗೋವಿನಜೋಳ ಒಣಹಾಕಿದ್ದರಿಂದ ಬಸ್ಸು ಇನ್ನೊಂದು ಬದಿ ಹಿಡಿದೇ ನಡೆಯಿತು. ನನ್ನ ಕೈಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಬ್ಯಾಟರಿ ದೀಪ, ಒರೆಸುವ ಬಟ್ಟೆ ಇದ್ದವು. ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಹೊರಟದ್ದು ಅದೇ ಮೊದಲು.

ಹೊರಡಿಸಿದವನು ಅವಳ ತಮ್ಮ ಈರಣ್ಣ. ಹಿರೇಕೆರೂರಿನಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ಹಳೆಯ ಕ್ರೂಸರ್ ಬೈಕ್ ಒಂದನ್ನು ಕೊಳ್ಳಬೇಕೆಂದು ಹಾನಗಲ್, ಶಿಗ್ಗಾಂವಿ, ಸವಣೂರುಗಳಲ್ಲಿ ಒಂದೊಂದು ಗಾಡಿ ಗೊತ್ತು ಮಾಡಿಕೊಂಡಿದ್ದ. ನಾನು ಇಪ್ಪತ್ತಾರು ವರ್ಷದಿಂದ ಅಕ್ಕಿ ಗಿರಣಿಯಲ್ಲಿ ಫಿಟರ್. ಬೇರಿಂಗ್ ಹೋಗುವ ಮುಂಚೆಯೇ ಸಪ್ಪಳ ಕೇಳಿ ಹೇಳುತ್ತೇನೆಂಬ ಹೆಸರಿದೆ. ಹಳೆಯ ಗಾಡಿ ಕೊಳ್ಳುವವರು ನನ್ನನ್ನು ಕರೆಯುವುದು ಅದಕ್ಕೇ. "ಮಾವಾ, ನೀವು ಹೂಂ ಅಂದ್ರ ತಗೋತೇನಿ, ಉಹೂಂ ಅಂದ್ರ ಬಿಡ್ತೇನಿ" ಎಂದು ಫೋನಿನಲ್ಲಿ ಹೇಳಿದ್ದ.

ನೀಲವ್ವನಿಗಾಗಿಯೂ ನಾನು ಮೂರು ವರ್ಷದಲ್ಲಿ ಇಂಥವೇ ಐದು ಗಾಡಿ ನೋಡಿದ್ದೆ. ಅವಳಿಗೆ ಮೊಣಕಾಲು ನೋವು. ನನ್ನ ಗಾಡಿಯ ಎತ್ತರದ ಸೀಟಿಗೆ ಹತ್ತಲಾಗುತ್ತಿರಲಿಲ್ಲ. ಒಂದು ಮದುವೆಯ ಮನೆ ಮುಂದೆ ತಗ್ಗು ಸೀಟಿನ ಕ್ರೂಸರ್ ನೋಡಿ, "ಇದರ ಮ್ಯಾಲ ಆದ್ರ ನಾನೂ ಹತ್ತತೇನ್ರಿ. ಬಸ್ಸು ಬದಲಿ ಮಾಡದ ತವರಿಗೆ ಹೋಗಬಹುದು" ಎಂದಿದ್ದಳು. ಹೊಸದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಹಳೆಯ ಐದರಲ್ಲೂ ನಾನು ಏನಾದರೊಂದು ಊನ ಕಂಡೆ. ಹೋದ ಆಷಾಢದಲ್ಲಿ ಮೂರು ದಿನ ಜ್ವರ ಬಂದು ಅವಳು ಹೋದಳು.

ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಈರಣ್ಣನ ಜೊತೆ ಅವನ ಹೆಂಡತಿ ರೇಖಾಳೂ ನಿಂತಿದ್ದಳು. ಗಾಡಿ ನೋಡಲು ಹೋಗುವಾಗ ಹೆಂಗಸರನ್ನು ಕರೆದೊಯ್ಯುವುದು ನನ್ನ ರೂಢಿಯಲ್ಲ. ಅದು ನನ್ನ ಮುಖದಲ್ಲೇ ಕಂಡಿರಬೇಕು.

"ಹಿಂದ ಕುಂದರಾಕಿ ನಾನ ಅಲ್ಲೇನ್ರಿ ಅಣ್ಣಾರ? ಬಸ್ಸು ಫ್ರೀ ಐತಿ, ನನ್ನಿಂದ ಖರ್ಚೂ ಇಲ್ಲ" ಎಂದಳು ರೇಖಾ.

"ಬಸ್ಸು ಫ್ರೀ ಇದ್ದಾಕಿಗೆ ಬೈಕ್ ಯಾಕ ಬೇಕು, ಕೇಳ್ರಿ ಮಾವಾ" ಎಂದ ಈರಣ್ಣ.

"ಟಿಕೆಟ್ಟಿಗೆ ರೊಕ್ಕಿಲ್ಲ ಖರೆ, ಕುಂದರಾಕ ಜಾಗಾನೂ ಇಲ್ಲ."

ಹಾನಗಲ್ಲಿನ ಗಾಡಿ ಫಳಫಳ ಹೊಳೆಯುತ್ತಿತ್ತು. ಬ್ಯಾಟರಿಯ ಬೆಳಕು ಬಿಟ್ಟು ಹ್ಯಾಂಡಲ್ಲಿನ ಕೆಳಗೆ ಕೊರೆದ ಚಾಸಿ ನಂಬರ್ ನೋಡಿದೆ. ಆರ್.ಸಿ.ಯಲ್ಲಿದ್ದ ನಂಬರಿನೊಂದಿಗೆ ಕೊನೆಯ ಎರಡು ಅಂಕಿ ಕೂಡಲಿಲ್ಲ. "ಅದು ಪ್ರಿಂಟ್ ಮಿಸ್ಟೇಕ್ ರೀ" ಎಂದ ಮಾರುವವನು. ಮಾತು ಬೆಳೆಸದೆ ಎದ್ದು ಬಂದೆವು. ನಿಲ್ದಾಣದ ಎದುರು ಮಂಡಕ್ಕಿ, ಮಿರ್ಚಿ ತಿಂದು ಶಿಗ್ಗಾಂವಿಯ ಬಸ್ಸು ಹಿಡಿದೆವು.

ಶಿಗ್ಗಾಂವಿ ಮುಟ್ಟಲು ಒಂದೂಕಾಲು ಗಂಟೆಯಾಯಿತು. ಅಲ್ಲಿನ ಗಾಡಿಯ ಎಂಜಿನ್ ಮೇಲೆ ಕೈ ಇಟ್ಟರೆ ಬಿಸಿ. ನಾವು ಬರುವ ಮುಂಚೆ ಓಡಿಸಿ ಇಟ್ಟಿದ್ದರು. ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿದರೆ ಮಾತ್ರ ಅದರ ನಿಜವಾದ ಸಪ್ಪಳ ಕೇಳುತ್ತದೆ. ಮುಂದಿನ ಗಾಲಿ ನೆಲ ಬಿಡುವಂತೆ ಎತ್ತಿಸಿ ಹ್ಯಾಂಡಲ್ ತಿರುಗಿಸಿದೆ. ನಡುವೆ ಒಂದು ಕಡೆ ತಡೆಯಿತು. ಒಂದೇ ಬದಿಯ ಫುಟ್‌ರೆಸ್ಟ್ ಸವೆದು ಸೊಟ್ಟಗಾಗಿತ್ತು. ಎಲ್ಲೋ ಜೋರಾಗಿ ಬಿದ್ದೆದ್ದ ಗಾಡಿ. ಉಹೂಂ ಎಂದೆ.

"ಮಾವಾ, ಮೂರನೇದಕ್ಕೂ ಹಿಂಗ ಅಂದ್ರ ನಾನು ಎತ್ತು ಹೊಡಕೊಂಡ ಊರಿಗೆ ಹೋಗಬೇಕಾಗತೈತಿ" ಎಂದ ಈರಣ್ಣ.

"ಅಣ್ಣಾರು ಎತ್ತಿಂದೂ ಹಲ್ಲು ಎಣಸ್ತಾರ" ಎಂದಳು ರೇಖಾ.

ನಾನೂ ನಕ್ಕೆ. ಸವಣೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತ ಮೇಲೆ ಆ ನಗು ಉಳಿಯಲಿಲ್ಲ.

ಸವಣೂರು ಮುಟ್ಟಿದಾಗ ಬಿಸಿಲು ಏರಿತ್ತು. ಗಾಡಿಯ ಮಾಲೀಕ ಖಾದರಸಾಬ ವೀಳ್ಯದೆಲೆ ವ್ಯಾಪಾರಿ. "ಬರ್ರಿ, ಕುಂದರ್ರಿ. ನೀವು ಫೋನಿನ್ಯಾಗ ಹೇಳಿದಂಗ ಮುಂಜಾನಿಂದ ಗಾಡಿ ಮುಟ್ಟಿಲ್ಲ" ಎಂದು ಕಟ್ಟೆಯ ಮೇಲೆ ಚಾಪೆ ಹಾಸಿದ. ಎಂಜಿನ್ ತಣ್ಣಗಿತ್ತು. ಟ್ಯಾಂಕಿನೊಳಗೆ ಬೆಳಕು ಬಿಟ್ಟು ನೋಡಿದೆ, ತುಕ್ಕಿರಲಿಲ್ಲ. ಚೈನಿನ ಗಾಲಿಯ ಹಲ್ಲು ಸವೆದು ಚೂಪಾಗಿರಲಿಲ್ಲ. ನಂಬರ್ ಕೂಡಿದವು. ಬ್ಯಾಂಕಿನ ಸಾಲ ತೀರಿದ ಕಾಗದವೂ ಇತ್ತು. ಚಾಲೂ ಮಾಡಿಸಿ, ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. ಟಕ್ ಟಕ್ ಟಕ್.

ಆ ಸಪ್ಪಳ ನನಗೆ ಗೊತ್ತಿತ್ತು. ನೀಲವ್ವನಿಗಾಗಿ ನೋಡಿದ ಐದನೆಯ ಗಾಡಿ, ಹಿರೇಬೆಂಡಿಗೇರಿಯದು, ಹೀಗೇ ಸದ್ದು ಮಾಡುತ್ತಿತ್ತು. ಅದೊಂದನ್ನೇ ನೆಪ ಮಾಡಿ ಬಿಟ್ಟು ಬಂದಿದ್ದೆ.

"ಈ ಸಪ್ಪಳ ಯಾವಾಗಿಂದ ಐತಿ?" ಎಂದು ಕೇಳಿದೆ.

"ತಂದಾಗಿಂದ್ರಿ. ನಾಕು ವರ್ಷ ಆತು. ಇದರ ಮ್ಯಾಲ ನಾವಿಬ್ಬರೂ ಕಲಬುರ್ಗಿ ದರ್ಗಾಕ್ಕ ಹೋಗಿ ಬಂದೇವಿ. ಈಗ ಮಕ್ಕಳು ಇಬ್ಬರಾದ್ರು, ಜಾಗಾ ಸಾಲವಲ್ದು. ಅದಕ್ಕ ಕೊಡಾಕತ್ತೇನಿ."

ಚಹಾ ತಂದ ಅವನ ಹೆಂಡತಿ, "ಓಣಿ ತಿರುವಿನ್ಯಾಗ ಆ ಸಪ್ಪಳ ಕೇಳಿದ್ರ ನಾನು ಚಹಾಕ್ಕ ಇಡ್ತೇನ್ರಿ" ಎಂದಳು.

ವಾಲ್ವಿನ ಸಂದು ಸರಿ ಮಾಡಿದರೆ ನಿಲ್ಲುವ ಸದ್ದು ಅದು. ಅರ್ಧ ದಿನದ ಕೆಲಸ. ಹಿರೇಬೆಂಡಿಗೇರಿಯಲ್ಲೂ ನನಗೆ ಅದು ಗೊತ್ತಿತ್ತು. ಇದಕ್ಕಿಂತ ಚಲೋದು ಸಿಕ್ಕೀತು, ಅವಸರವೇನು ಎಂದುಕೊಂಡಿದ್ದೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ರೇಖಾ, ಹಿಂದ ಕುಂತು ನೋಡವಾ" ಎಂದೆ. ಐದು ಗಾಡಿಗಳಲ್ಲಿ ಒಂದನ್ನೂ ನಾನು ಹೀಗೆ ನೋಡಿರಲಿಲ್ಲ. ನೀಲವ್ವನನ್ನು ಕರೆದುಕೊಂಡು ಹೋಗಿಯೇ ಇರಲಿಲ್ಲ. ಈರಣ್ಣ ಗಾಡಿ ಹಿಡಿದ. ರೇಖಾ ಸೀರೆ ಸರಿಮಾಡಿಕೊಂಡು, ಯಾವ ಆಸರೆಯೂ ಇಲ್ಲದೆ, ಕಟ್ಟೆಯ ಮೇಲೆ ಕೂತಷ್ಟು ಸುಲಭವಾಗಿ ಕೂತಳು.

"ಹೂಂ" ಎಂದೆ.

ಹಣ ಕೊಟ್ಟು, ಕಾಗದಗಳಿಗೆ ಸಹಿ ಹಾಕಿದ್ದಾಯಿತು. ರೇಖಾ ತನ್ನ ಚೀಲದಿಂದ ಎರಡು ನಿಂಬೆಹಣ್ಣು ತೆಗೆದು ಗಾಲಿಗಳ ಮುಂದೆ ಇಡತೊಡಗಿದಳು. "ಮುಂದಿನ ಗಾಲಿದು ಸೀದಾ ಇಡ್ರಿ ಅಕ್ಕಾ, ಜಾರತೈತಿ" ಎಂದು ಖಾದರಸಾಬ ತಾನೇ ಬಗ್ಗಿ ಸರಿಮಾಡಿದ.

"ಊರಿಂದನ ತಂದಿಯೇನು? ನಾನು ಬ್ಯಾಡ ಅಂದಿದ್ರ?" ಎಂದು ಕೇಳಿದೆ.

"ಅಂದಿದ್ರ ಮನಿಗೆ ಹೋಗಿ ಶರಬತ್ತು ಮಾಡೋದ್ರಿ. ನೀಲಕ್ಕ ಹಂಗ ಮಾಡತಿದ್ಲಲ್ರಿ. ನೀವು ಗಾಡಿ ನೋಡಾಕ ಹೋದಾಗೊಮ್ಮೆ ಎರಡು ನಿಂಬಿಹಣ್ಣು ತಂದು ದೇವರ ಮುಂದ ಇಡತಿದ್ಲು, ಇವತ್ತರ ಗಾಡಿ ಬರತೈತಿ ಅಂತ. ನಿಮಗ ಹೇಳಿರಲಿಲ್ಲೇನು?"

ಹೇಳಿರಲಿಲ್ಲ.

ಗಾಡಿ ಮುಂದಕ್ಕೆ ಹೋಯಿತು. ನಿಂಬೆಹಣ್ಣು ಒಡೆದವು. ಟಕ್ ಟಕ್ ಸದ್ದು ಓಣಿಯ ತಿರುವಿನವರೆಗೆ ಕೇಳಿ ನಿಂತಿತು. ಬಸ್ ನಿಲ್ದಾಣದ ಕಡೆ ಹೊರಟವನು ಒಮ್ಮೆ ತಿರುಗಿ ನೋಡಿದೆ. ಖಾದರಸಾಬನ ಹೆಂಡತಿ ಗಾಡಿ ನಿಲ್ಲುತ್ತಿದ್ದ ಜಾಗಕ್ಕೆ ನೀರು ಹಾಕುತ್ತಿದ್ದಳು.

ಹಾವೇರಿಯಲ್ಲಿ ಅಕ್ಕಿಆಲೂರಿನ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ಅಷ್ಟರಲ್ಲಿ ಈರಣ್ಣ ಫೋನು ಮಾಡಿ, ಹಿರೇಕೆರೂರು ಮುಟ್ಟಿದೆವು, ಗಾಡಿ ಎಲ್ಲೂ ನಿಲ್ಲಲಿಲ್ಲ ಎಂದ. ಚಲೋ ಆತು ಎಂದೆ.

ಐದು ಸಲವೂ ನಾನು ಗಾಡಿ ನೋಡಿ ಬಸ್ಸಿನಲ್ಲೇ ಮರಳಿದ್ದೆ. ಐದು ಸಲವೂ ನೀಲವ್ವ ಶರಬತ್ತು ಕೊಟ್ಟು, ಬಾಗಿಲಿಗೆ ಒರಗಿ ನಿಂತು, "ಹುಳಿ ಹೆಚ್ಚಾತೇನ್ರಿ?" ಎಂದು ಕೇಳಿದ್ದಳು. ನಾನು ಗುಟುಕರಿಸುತ್ತ ಆ ಗಾಡಿಯ ಊನಗಳನ್ನು ಒಂದೊಂದಾಗಿ ಹೇಳಿದ್ದೆ.