ತರಕಾರಿ ಚೀಟಿಯ ಹಿಂದೆ ಇಲಿಯ ಮಿದುಳು

ಬೆಳಿಗ್ಗೆಯಿಂದ ಆದ ಕೆಲಸಗಳು: ಹಾಲು ಕಾಯಿಸಿದ್ದು, ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದ್ದು, ಬಟ್ಟೆ ಒಣಹಾಕಿದ್ದು, ಯಜಮಾನರ ಕೈಗೆ ಚೀಟಿ ಕೊಟ್ಟು ಗಾಂಧಿ ಬಜಾರಿಗೆ ಕಳಿಸಿದ್ದು, ಅವರು ಬರುವುದರೊಳಗೆ ಡಬ್ಬಿಗಳ ಕೆಳಗಿನ ಕಾಗದ ಬದಲಾಯಿಸಲು ಕೂತಿದ್ದು. ಈ ಕೊನೆಯದು ಅರ್ಧಕ್ಕೆ ನಿಂತಿತು. ಮೆಂತ್ಯದ ಡಬ್ಬಿಯ ಅಡಿಯಲ್ಲಿ ಎರಡು ಬೆರಳಗಲದ ನುಣುಪು ಕಾಗದದ ಪಟ್ಟಿಯೊಂದು ಸಿಕ್ಕಿತು. ಒಂದು ಬದಿಯಲ್ಲಿ ನನ್ನದೇ ಕೈಬರಹ: ಎಳನೀರು, ಸೌತೆಕಾಯಿ, ಸಬ್ಬಸಿಗೆ ಸೊಪ್ಪು, ಹೆಸರುಬೇಳೆ. ಇನ್ನೊಂದು ಬದಿ ಬರೀ ಹಳದಿ. ಒಂದು ಕಾಲಕ್ಕೆ ಅಲ್ಲಿ ಇಲಿಯ ಮಿದುಳಿತ್ತು ಎಂದರೆ ನೀವು ಮುಖ ಸಿಂಡರಿಸಬೇಡಿ, ಹೇಳುತ್ತೇನೆ.

ಆಗ ನಾನು ಶಿವಮೊಗ್ಗದ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಗಾಜು ತೊಳೆಯುವುದು, ದ್ರಾವಣ ಮಾಡುವುದು, ಯಾವ ಟ್ಯೂಬಿನಲ್ಲಿ ಏನಿದೆ ಎಂದು ಬರೆದಿಡುವುದು ನನ್ನ ಕೆಲಸ. ಅಡಿಗೆಮನೆಗೂ ಅದಕ್ಕೂ ಅಂಥ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ, ಅಲ್ಲಿ ರುಚಿ ನೋಡುವಂತಿಲ್ಲ ಎನ್ನುವುದೊಂದನ್ನು ಬಿಟ್ಟರೆ. ಅಲ್ಲಿಗೆ ಭದ್ರಾವತಿಯ ಕಾಗದನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು ಶೈಲಜಾ. ಇಲಿಯ ಒಂದು ಜೀನಿನ ಮೇಲೆ ಅವಳ ಪಿಎಚ್‌ಡಿ. ಬೇರೆ ಜೀನುಗಳಿಗೆ ಏಳಿ, ಕೂರಿ ಎಂದು ಅಪ್ಪಣೆ ಕೊಡುವ ಮೇಸ್ತ್ರಿ ಜೀನು ಅದು.

ನನಗೆ ಅರ್ಥವಾಗಲೆಂದು ಅವಳು ಹೇಳಿದ್ದು ಹೀಗೆ: “ಅಕ್ಕ, ಜೀನು ಅನ್ನೋದು ಒಂದು ಚೀಟಿ ಅಂದ್ಕೊಳ್ಳಿ. ಮೈಯೊಳಗೆ ಎಲ್ಲಾ ಕಡೆ ಅದೇ ಚೀಟಿ. ಆದ್ರೆ ಲಿವರ್ ಅದನ್ನ ಪೂರ್ತಿ ಓದುತ್ತೆ. ಮಿದುಳು ನಡುವೆ ಎರಡು ಸಾಲು ಕತ್ತರಿಸಿ ಬಿಸಾಕಿ, ಆಚೆ ಈಚೆದನ್ನ ಅಂಟಿಸ್ಕೊಂಡು ಓದುತ್ತೆ ಅಂತ ನನ್ನ ಅನುಮಾನ.”

ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಯಜಮಾನರು ಮದುವೆಯಾದಾಗಿನಿಂದ ಬಜಾರಿನಲ್ಲಿ ಮಾಡುತ್ತಿದ್ದುದು ಅದನ್ನೇ. ಮೊದಲ ಸಾಲು ತರುತ್ತಾರೆ, ಕೊನೆಯ ಸಾಲು ತರುತ್ತಾರೆ, ನಡುವಿನದು ಅವರ ಕಣ್ಣಿಗೇ ಬೀಳುವುದಿಲ್ಲ.

ಅನುಮಾನ ನಿಜವೋ ಎಂದು ನೋಡುವ ಹೊತ್ತಿಗೆ ಸರಿಯಾಗಿ ಶೈಲಜಾಗೆ ಸೀತಾಳೆ ಸಿಡುಬು ಎದ್ದಿತು. ಅವಳು ಫೋನಿನಲ್ಲಿ ಹೇಳಿದಂತೆ ಕೆಲಸ ನಾನೇ ಮಾಡಿದೆ. ಲಿವರ್, ಕಿಡ್ನಿ, ಹೃದಯ, ಮಿದುಳು, ಹೀಗೆ ನಾಲ್ಕು ಅಂಗಗಳ ಮಾದರಿಯನ್ನು ಜೆಲ್ಲಿನಲ್ಲಿ ಹಾಕಿ ಕರೆಂಟು ಕೊಟ್ಟೆ. ಜೆಲ್ಲೆಂದರೆ ಹಲ್ವಾದಂಥ ಒಂದು ಹಲಗೆ; ಅದರಲ್ಲಿ ಉದ್ದದ ತುಂಡುಗಳು ಮೇಲೆಯೇ ತಡೆದು ನಿಲ್ಲುತ್ತವೆ, ಗಿಡ್ಡವು ಓಡಿ ತಳ ಸೇರುತ್ತವೆ, ಒಂದೇ ಉದ್ದದವೆಲ್ಲ ಸೇರಿ ಒಂದು ಗೀಟಾಗಿ ಕಾಣುತ್ತವೆ. ಎಲ್ಲಕ್ಕಿಂತ ಕೆಳಗೆ ಚೂರುಪಾರುಗಳ ಒಂದು ಮಸುಕು ಇದ್ದೇ ಇರುತ್ತದೆ. ನಮ್ಮ ಗೈಡ್ ಮೇಷ್ಟ್ರಿಗೆ ಪ್ರಯೋಗದ ಪುಸ್ತಕದಲ್ಲಿ ಅಂಟಿಸುವ ಜೆಲ್ಲಿನ ಚಿತ್ರದಲ್ಲಿ ಆ ಕಸ ಕಾಣಬಾರದು. ಹಾಗಾಗಿ ಪ್ರತಿ ಚಿತ್ರದ ಕೆಳಗಿನ ಎರಡು ಬೆರಳಗಲವನ್ನು ಸ್ಕೇಲಿಟ್ಟು ಕತ್ತರಿಸುವುದು ನನ್ನ ಅಭ್ಯಾಸ. ಕತ್ತರಿಸಿದ್ದನ್ನು ಬಿಸಾಡಲು ಮನಸ್ಸು ಬರುವುದಿಲ್ಲವಲ್ಲ, ಹಿಂಬದಿ ಎಷ್ಟು ಬೆಳ್ಳಗಿರುತ್ತದೆ! ಅವೆಲ್ಲ ನನ್ನ ಪರ್ಸಿಗೆ, ತರಕಾರಿ ಚೀಟಿಗೆ.

ಅಂದೂ ಕತ್ತರಿಸಿದೆ, ಅಂಟಿಸಿದೆ. ಪುಸ್ತಕ ತೆರೆದು ನೋಡಿದ ಮೇಷ್ಟ್ರು, ಮಿದುಳಿನ ಸಾಲು ಖಾಲಿ, ಅಲ್ಲಿ ಆ ಜೀನು ಕೆಲಸವನ್ನೇ ಮಾಡುವುದಿಲ್ಲ, ಆ ಅಧ್ಯಾಯ ಕೈಬಿಡಲಿ ಎಂದರು. ಮಿದುಳಿನ ಮಾದರಿ ಇನ್ನು ಒಂದೇ ಒಂದು ಹನಿ ಉಳಿದಿತ್ತು. ಹೊಸ ಇಲಿಗಳಿಗೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರೊಳಗೆ ಅವಳ ಅವಧಿಯೇ ಮುಗಿಯುತ್ತಿತ್ತು. ಫೋನಿನಲ್ಲಿ ಸುದ್ದಿ ಹೇಳಿದಾಗ ಶೈಲಜಾ, ಊಟ ಆಯ್ತಾ ಅಕ್ಕ ಎಂದಷ್ಟೇ ಕೇಳಿದಳು.

ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಭಾನುವಾರ ಮೈಗೆ ತಂಪಾಗುವ ಸಾಮಾನನ್ನೆಲ್ಲ ಪಟ್ಟಿ ಮಾಡಿ, ಬಜಾರಿನಲ್ಲಿ ಕೊಂಡು, ಕಾಗದನಗರದ ಅವರ ಕ್ವಾರ್ಟರ್ಸಿಗೆ ಹೋದೆ. ನನಗೆ ಚಿಕ್ಕಂದಿನಲ್ಲೇ ಸೀತಾಳೆ ಎದ್ದು ಹೋಗಿತ್ತು, ಹೆದರಿಕೆಯಿರಲಿಲ್ಲ. ಅವಳಮ್ಮ ಚೀಲ ಬರಿದು ಮಾಡುತ್ತ ಚೀಟಿಯನ್ನು ಮಂಚದ ಮೇಲಿಟ್ಟರು. ಶೈಲಜಾ ಸುಮ್ಮನೆ ಕೈಗೆತ್ತಿಕೊಂಡು ತಿರುಗಿಸಿದಳು. ಆಮೇಲೆ ಎದ್ದು ಕೂತಳು.

“ಅಕ್ಕ, ಇದೇನು?”

“ಚಿತ್ರದ ಕೆಳಗಿನ ಕಸ. ಮೇಷ್ಟ್ರಿಗಾಗಲ್ಲ ಅಂತ ಕತ್ತರಿಸಿದ್ದು.”

“ಕಸ ನಾಲ್ಕೂ ಕಡೆ ಒಂದೇ ಥರ ಇದೆ. ಕೊನೇದ್ರಲ್ಲಿ ಅದ್ರ ಮೇಲೆ ಒಂದು ಗೀಟಿದೆ, ನೋಡಿ. ಕೊನೇದು ಯಾವುದು?”

ಲಿವರ್, ಕಿಡ್ನಿ, ಹೃದಯ ಎಂದು ಬೆರಳು ಮಡಚಿದೆ. “ಮಿದುಳು,” ಎಂದೆ.

“ಅಕ್ಕ, ನೀವು ನನ್ನ ಮಿದುಳನ್ನೇ ಕತ್ತರಿಸಿ ಸೊಪ್ಪು ತಂದಿದೀರ.”

ಅವಳಮ್ಮ ಸೌತೆಕಾಯಿ ಒರೆಸುತ್ತ, “ಬಿಡಮ್ಮ, ಮೊದಲೂ ಅಷ್ಟಾಗಿ ಇರ್ಲಿಲ್ಲ ಇವಳಿಗೆ,” ಎಂದರು.

ಸೋಮವಾರ ಮೇಷ್ಟ್ರ ಮುಂದೆ ಪುಸ್ತಕ ತೆರೆದು, ಪಟ್ಟಿಯನ್ನು ಚಿತ್ರದ ಕೆಳಗೆ ಜೋಡಿಸಿ ತೋರಿಸಿದೆ. ಅಂಚಿಗೆ ಅಂಚು ಕೂತಿತು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಕನ್ನಡಕ ತೆಗೆದು, ಹಾಕಿ, ಪಟ್ಟಿ ತಿರುಗಿಸಿ ಎಳನೀರಿನಿಂದ ಹೆಸರುಬೇಳೆಯವರೆಗೂ ಓದಿದರು. “ಕಸ ಕಾಣಬಾರ್ದು ಅಂದೋನು ನಾನೇ ಅಲ್ವಾ,” ಎಂದರು. “ಇರೋ ಹನಿ ಹಾಕಿ.”

ಆ ಹನಿ ಹಾಕುವಾಗ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದಿದ್ದೆ. ಲಿವರಿನ ಗೀಟು ಮೇಲೆ, ಮಿದುಳಿನ ಗೀಟು ಕೆಳಗೆ, ಕಡ್ಡಿ ಗೀರಿದಷ್ಟು ಸ್ಪಷ್ಟ. ಆ ಚಿತ್ರವನ್ನು ಕಸದ ಸಮೇತ ಇಡಿಯಾಗಿ ಅಂಟಿಸಿದೆವು. ಅಧ್ಯಾಯ ಉಳಿಯಿತು. ವಾಸಿಯಾಗಿ ಬಂದ ಶೈಲಜಾ, “ನಿಮ್ಮ ಚೀಟಿ, ತಗೊಳ್ಳಿ,” ಎಂದು ಪಟ್ಟಿಯನ್ನು ನನಗೇ ಕೊಟ್ಟಳು.

ಅಂಥ ಕಾಗದದ ಮೇಲಿನ ಚಿತ್ರ ವರ್ಷ ಕಳೆದಂತೆ ಅಳಿಸಿಹೋಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗೀಟೂ ಇಲ್ಲ, ಕಸವೂ ಇಲ್ಲ. ಬಾಲ್‌ಪೆನ್ನಿನ ಸಬ್ಬಸಿಗೆ ಸೊಪ್ಪು ಮಾತ್ರ ಹಾಗೇ ಇದೆ.

ಅಷ್ಟರಲ್ಲಿ ಯಜಮಾನರು ಬಂದರು. ನಾನು ಬರೆದು ಕೊಟ್ಟಿದ್ದು ಕೊತ್ತಂಬರಿ, ತೊಗರಿಬೇಳೆ, ಹುಣಸೆಹಣ್ಣು, ನಿಂಬೆಹಣ್ಣು. ಚೀಲದಲ್ಲಿದ್ದದ್ದು ಕೊತ್ತಂಬರಿ, ನಿಂಬೆಹಣ್ಣು. ನಾನು ಏನೂ ಅನ್ನದೆ ಚೀಲ ತೆಗೆದುಕೊಂಡಿದ್ದು ನೋಡಿ ಅವರಿಗೇ ಗಾಬರಿಯಾಯಿತು. “ಯಾಕೆ ಮಾರಾಯ್ತಿ, ಮೈ ಹುಷಾರಿಲ್ವಾ?” ಎಂದರು. ಗಿಡ್ಡ ಚೀಟಿಗೂ ಒಂದು ಅಡಿಗೆ ಇರುತ್ತದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು.

ಸಾರಿನ ಯೋಚನೆ ಬಿಟ್ಟು ಚಿತ್ರಾನ್ನ ಕಲಸಿದೆ. ಮಧ್ಯಾಹ್ನದ ಊಟಕ್ಕೆ ಅದು, ಮೊಸರು, ಎರಡೆರಡು ಹಪ್ಪಳ. ಅವರು ಮೂರನೇ ಸಲ ಹಾಕಿಸಿಕೊಂಡರು. ಪಟ್ಟಿಯನ್ನು ಮತ್ತೆ ಮೆಂತ್ಯದ ಡಬ್ಬಿಯ ಕೆಳಗೆ ಸೇರಿಸಿ ನಾನು ಬರುವಷ್ಟರಲ್ಲಿ, ಚಾಪೆಯ ಮೇಲೆ ಅವರಿಗೆ ನಿದ್ದೆ ಹತ್ತಿತ್ತು.