ಇಸ್ತ್ರಿ ಅಕ್ಕನ ಮೂರು ಕೆಲಸ

ಇಡೀ ಆಯುಷ್ಯ ಬಸ್ಸಿನಲ್ಲಿ ಟಿಕೆಟ್ ಕೇಳಿದವನು ನಾನು. ನಿವೃತ್ತನಾದ ಮೇಲೆ ಕೈ ಸುಮ್ಮನಾಯಿತು, ಬಾಯಿ ಸುಮ್ಮನಾಗಲಿಲ್ಲ. ನಿರುದ್ಯೋಗ ಹಿಂದೆಂದೂ ಇಲ್ಲದಷ್ಟು ಇಳಿದಿದೆ ಎಂದು ಪೇಪರಿನಲ್ಲಿ ಓದಿದ ದಿನ, ನಿಜವೋ ಸುಳ್ಳೋ ನೋಡೇಬಿಡೋಣ ಎಂದು ನಮ್ಮ ಕಟ್ಟಡದ ಬಾಗಿಲುಗಳನ್ನೆಲ್ಲ ತಟ್ಟಿದೆ. ಪೇಪರಿನವರು ಸುಳ್ಳು ಹೇಳಿರಲಿಲ್ಲ. ಕೆಲಸವಿಲ್ಲದವನು ಇಡೀ ಕಟ್ಟಡದಲ್ಲಿ ನಾನೊಬ್ಬನೇ!

ಕೊನೆಯ ಬಾಗಿಲು ಇಸ್ತ್ರಿ ಅಕ್ಕನದು. ನನಗಿಂತ ಎಷ್ಟೋ ಚಿಕ್ಕವಳು, ಆದರೂ ಎಲ್ಲರಿಗೂ ಅವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಮಗಳನ್ನು ತನ್ನ ಒಡಹುಟ್ಟಿದವಳ ಮನೆಯಲ್ಲಿ ಬಿಟ್ಟು, ಇಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಒಂದೇ ಕೋಣೆಯಲ್ಲಿದ್ದಳು.

"ನಿಂಗೆ ಕೆಲಸ ಇದೆಯೇನಮ್ಮಾ?"

"ಒಂದಲ್ಲ ಕಂಡಕ್ಟರಣ್ಣ, ಎರಡಿದೆ. ಬೆಳಗ್ಗೆ ಕ್ಲಿನಿಕ್ ಗುಡಿಸಿ ಒರೆಸ್ತೀನಿ, ಆಮೇಲೆ ಲಾಂಡ್ರೀಲಿ ಇಸ್ತ್ರಿ."

"ಅಯ್ಯೋ, ಇನ್ನೊಬ್ಬರ ಕೆಲಸಾನೂ ನೀನೇ ನುಂಗಿದೀಯಲ್ಲ!"

"ಯಾರಾದ್ರೂ ಒಂದೇ ಕಡೆ ಹೊಟ್ಟೆ ತುಂಬೋಷ್ಟು ಕೊಡ್ಲಿ, ಇನ್ನೊಂದನ್ನ ಇವತ್ತೇ ಬಿಟ್ಕೊಡ್ತೀನಿ," ಎಂದು ನಕ್ಕಳು.

ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಮರುದಿನ ಒಂದು ಅಂಗಿ ಹಿಡಿದುಕೊಂಡು ಲಾಂಡ್ರಿಗೇ ಹೋದೆ. ಗೋಡೆಗೆ ಒತ್ತಿಕೊಂಡು ಉದ್ದನೆಯ ಬೆಂಚು; ಅಕ್ಕ ಮತ್ತು ಇನ್ನೂ ನಾಲ್ವರು ಸಾಲಾಗಿ ಕೂತಿದ್ದರು. ವಸತಿಗೃಹದ ಹಾಸಿಗೆ ಬಟ್ಟೆಗಳ ಗಂಟು ಬಂದಾಗ ಎದ್ದು ಇಸ್ತ್ರಿ ಹಾಕಬೇಕು, ಕೂಲಿ ಅಷ್ಟು ಹೊತ್ತಿಗೆ ಮಾತ್ರ. ಗಂಟು ಬರುವತನಕ ಪುಕ್ಕಟೆ ಕೂರಬೇಕು. ಎದ್ದು ಮನೆಗೆ ಹೋದವರನ್ನು ನಾಳೆ ಕರೆಯುವುದಿಲ್ಲ.

"ಐದು ಜನಕ್ಕೆ ಕೆಲಸ ಕೊಟ್ಟಿದ್ದೀನಿ ಸಾರ್," ಎಂದು ಮಾಲೀಕ ಎದೆಯುಬ್ಬಿಸಿದ.

ಕೊಟ್ಟದ್ದು ಕೆಲಸವೋ ಬೆಂಚೋ ಎಂದು ಕೇಳಲು ನಾಲಗೆ ತುರಿಸಿತು. ಅಂಗಿ ಆಗಲೇ ಅವನ ಕೈಯಲ್ಲಿತ್ತು, ತೆಪ್ಪಗಾದೆ.

ಅಷ್ಟರಲ್ಲಿ ನಮ್ಮ ಮೆಟ್ಟಿಲ ಪಕ್ಕದ ಪುಟ್ಟ ಕೋಣೆ ಖಾಲಿಯಾಯಿತು. ಒಂದು ಕಿಟಕಿ, ಒಂದು ನಲ್ಲಿ, ಒಳಗಿನಿಂದ ಹಾಕಿಕೊಳ್ಳಲು ಚಿಲಕ. ಅದು ಸಿಕ್ಕರೆ ಮಗಳನ್ನು ಕರೆತರಬಹುದು. ಅಕ್ಕ ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಲೇ ಇದ್ದಳು. ಎರಡು ಕೆಲಸದ ದುಡಿಮೆಯಲ್ಲಿ ಬಾಡಿಗೆ ಹುಟ್ಟುವಂತಿರಲಿಲ್ಲ. ಅಲೆದಾಡಿ ಮೂರನೆಯದನ್ನೂ ಹುಡುಕಿಕೊಂಡಳು: ಲಾಂಡ್ರಿ ಮುಗಿಸಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು, ಲಾಂಡ್ರಿಗೆ ರಜೆಯಿರುವ ಭಾನುವಾರ ಇಡೀ ದಿನ ಅದೇ ಕೆಲಸ.

ಮಗಳು ಬಂದಳು, ಚೂಟಿ ಹುಡುಗಿ. ಅಕ್ಕ ಹೊಸ ಚಾಪೆ ತಂದಳು, ಹಳೆಯ ಸೀರೆಯಲ್ಲಿ ಕಿಟಕಿಗೆ ಪರದೆ ಹೊಲಿದಳು, ಹತ್ತಿರದ ಶಾಲೆಗೆ ಸೇರಿಸಿದಳು. ನಮಗೆಲ್ಲ ಖುಷಿಯೋ ಖುಷಿ. ಆದರೆ ಮಗಳು ಏಳುವ ಮೊದಲೇ ತಾಯಿ ಹೊರಟಿರುತ್ತಿದ್ದಳು, ಮಲಗಿದ ಮೇಲೆ ಬರುತ್ತಿದ್ದಳು. ಹುಡುಗಿ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು, ನನ್ನ ಹೆಂಡತಿ ಊಟಕ್ಕೆ ಕರೆಯುತ್ತಿದ್ದಳು.

ಒಂದು ಬೆಳಗ್ಗೆ ನಾನು ಹಾಲು ತರಲು ಇಳಿಯುತ್ತಿದ್ದೆ. ಬೇಕೆಂದೇ ಬೇಗ ಎದ್ದ ಹುಡುಗಿ ಬಾಗಿಲಲ್ಲಿ ತಾಯಿಯ ಸೆರಗು ಹಿಡಿದು ನಿಂತಿದ್ದಳು.

"ಅಮ್ಮಾ, ನಾನು ದೊಡ್ಡಮ್ಮನ ಮನೆಗೇ ಹೋಗ್ತೀನಿ."

"ಯಾಕೆ ಪುಟ್ಟೀ, ಇಲ್ಲಿ ಏನು ಕಮ್ಮಿಯಾಯ್ತು?"

"ಅಲ್ಲಿದ್ದಾಗ ಭಾನುವಾರ ಆದ್ರೂ ನೀನು ಬರ್ತಿದ್ದೆ."

ಅಕ್ಕ ಸೆರಗು ಬಿಡಿಸಿಕೊಂಡು ಕ್ಲಿನಿಕ್ಕಿಗೆ ಹೊರಟಳು. ಎಲ್ಲದಕ್ಕೂ ಬಾಯಿ ಹಾಕುವ ನಾನು ಹಾಲಿನ ಪಾತ್ರೆ ಹಿಡಿದು ಸರಸರ ಮೆಟ್ಟಿಲಿಳಿದೆ. ಮುಂದಿನ ಭಾನುವಾರ ಅಕ್ಕ ಹೋಟೆಲಿಗೆ ಮೊದಲ ಸಲ ರಜೆ ಹಾಕಿದಳು. ಮಗಳನ್ನು ದೊಡ್ಡಮ್ಮನ ಮನೆಗೆ ಬಿಟ್ಟುಬಂದಳು.