ಹಾಸಿಗೆ ಅಂಗಡಿಯಲ್ಲಿ ಪುಸ್ತಕ ಪರೀಕ್ಷೆ

"ಅಕ್ಕಸಾಲಿಗನ ತಕ್ಕಡಿ ತಪ್ಪಬಹುದು, ಡಾಕ್ಟರ ಥರ್ಮಾಮೀಟರು ತಪ್ಪಬಹುದು, ನಮ್ಮನೆಯವರ ನಿದ್ದೆ ಮಾತ್ರ ತಪ್ಪೋದಿಲ್ಲ" ಎಂದು ಮೂರನೇ ತರಗತಿಯ ಟೀಚರಮ್ಮ ಹೇಳುತ್ತಿದ್ದರು. ಹೇಳುತ್ತಿದ್ದರು ಎಂದರೆ ಸಾಲದು, ಶಾಲೆಯ ಗೋಡೆಗಳಿಗೂ ಬಾಯಿಪಾಠವಾಗುವಷ್ಟು ಹೇಳುತ್ತಿದ್ದರು.

ಅವರ ತರಗತಿಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಅದರ ತುಂಬ ಮಕ್ಕಳ ಕಥೆಪುಸ್ತಕ. ಯಾವ ಪುಸ್ತಕ ಒಳಗೆ ಬರಬೇಕು, ಯಾವುದು ಹೊಸ್ತಿಲಿನಿಂದಲೇ ವಾಪಸ್ಸು ಹೋಗಬೇಕು ಎನ್ನುವ ತೀರ್ಮಾನ ಟೀಚರಮ್ಮನದು. ಬೀರುವಿನ ಬೀಗದಕೈ ಅವರ ಕೊರಳಿನ ದಾರದಲ್ಲಿ ತೂಗುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಅದನ್ನು ತೆಗೆಯುತ್ತಿರಲಿಲ್ಲವಾಗಿ ಅವರಿಗಿಂತ ಅದೇ ಹೆಚ್ಚು ಹೊಳೆಯುತ್ತಿತ್ತು.

ಬೇರೆ ತರಗತಿಗಳ ಬೀರು ತೆರೆದರೆ ಪುಸ್ತಕಗಳು ಹೆಣ್ಣು ನೋಡಲು ಬಂದ ನೆಂಟರ ಹಾಗೆ ಇಸ್ತ್ರಿ ಕೆಡದಂತೆ ಕೂತಿರುತ್ತಿದ್ದವು. ಟೀಚರಮ್ಮನ ಬೀರುವಿನಲ್ಲಿ ನೆಟ್ಟಗೆ ರಟ್ಟಿರುವ ಪುಸ್ತಕ ಒಂದೂ ಇರಲಿಲ್ಲ. 'ಛತ್ರಿ ನುಂಗಿದ ಹಸು' ಎಂಬ ಪುಸ್ತಕವನ್ನು ಮಕ್ಕಳು ಬೆರಳಿಟ್ಟು ಓದಿ ಓದಿ, ಚಿತ್ರದಲ್ಲಿದ್ದ ಹಸು ಪೂರ್ತಿ ಸವೆದುಹೋಗಿ ಛತ್ರಿಯೊಂದೇ ಹುಲ್ಲು ಮೇಯುತ್ತಿತ್ತು. 'ಮೊಸಳೆಯ ಹಲ್ಲುನೋವು' ಪುಸ್ತಕಕ್ಕೆ ಇಬ್ಬರು ಹುಡುಗಿಯರು ಜಗ್ಗಾಡಿ ಅದು ಎರಡು ಹೋಳಾಯಿತು. ಹಿಂದಿನ ಹೋಳು ಸಿಕ್ಕವಳು ಕಡೆಗೆ ಮೊಸಳೆ ಏನಾಯಿತೆಂದು ಹೇಳುವುದಕ್ಕೆ ಒಬ್ಬೊಬ್ಬರಿಂದ ಒಂದೊಂದು ಪೆನ್ಸಿಲ್ ವಸೂಲು ಮಾಡಿದಳು. ಆ ವರ್ಷವಿಡೀ ಅವಳ ಮನೆಯವರು ಪೆನ್ಸಿಲ್ ಕೊಳ್ಳಲಿಲ್ಲ.

ಇಂಥ ಪುಸ್ತಕಗಳನ್ನು ಆರಿಸುವ ಉಪಾಯ ಇಷ್ಟೇ. ಟೀಚರಮ್ಮನ ಗಂಡ ಹಾಸಿಗೆ ಹೊಲಿಯುವವರು. ಮನೆಯ ಮುಂಭಾಗವೇ ಅಂಗಡಿ. ಹೊಸ ಹಾಸಿಗೆಗೆ ಹತ್ತಿ ತುಂಬಿ ದಬ್ಬಣ ಎಳೆದು ಮುಗಿಸಿದ ಮೇಲೆ, ಎಲ್ಲಾದರೂ ಗಂಟು ಒತ್ತುತ್ತದೆಯೋ ಎಂದು ಅದರ ಮೇಲೆ ತಾವೇ ಮಲಗಿ ನೋಡಬೇಕು, ಅದು ಕಸುಬು. ಸಂಜೆ ಶಾಲೆಯಿಂದ ಬಂದ ಹೆಂಡತಿ ಸ್ಟೂಲಿನ ಮೇಲೆ ಕೂತು ಹೊಸ ಪುಸ್ತಕ ಓದುವರು. ಗಂಡ ಕಣ್ಣು ಮುಚ್ಚಿದರೆ ಪುಸ್ತಕ ವಾಪಸ್ಸು. ಕಡೆಯ ಪುಟದವರೆಗೂ ಎಚ್ಚರವಿದ್ದರೆ ಬೀರುವಿಗೆ. ಹೀಗೆ ವಾಪಸ್ಸಾದ ಪುಸ್ತಕಗಳನ್ನು ಪೇರಿಸಿ ಹತ್ತಿದ್ದರೆ ಚಂದ್ರನ ಮೇಲಿನ ಧೂಳು ಒರೆಸಿ ಬರಬಹುದಿತ್ತು.

ಎಲ್ಲ ಸರಿಯಿರುವಾಗ ಹೊಸ ಇನ್ಸ್‌ಪೆಕ್ಟರು ಬಂದರು. ಬಗಲಲ್ಲಿ 'ಅಚ್ಚುಕಟ್ಟು ಬಾಲಕ' ಎಂಬ ದಪ್ಪ ಪುಸ್ತಕ. ಬರೆದವರು ಅವರ ಭಾವಮೈದುನ. ಭಾವಮೈದುನ ಬರೆದ ಮೇಲೆ ಭಾವ ಓದಿಸಲೇಬೇಕಲ್ಲ!

"ಆ ಹಸು, ಮೊಸಳೆ ಎಲ್ಲ ಹೊರಗೆ ಹಾಕಿ. ಬೀರು ತುಂಬ ಇದನ್ನೇ ಇಡಿ" ಎಂದರು ಇನ್ಸ್‌ಪೆಕ್ಟರು.

"ಹೌದೌದು, ಹೊರಗೆ" ಎಂದರು ಹೆಡ್ ಮೇಷ್ಟ್ರು. ಅವರು ಗಾಳಿ ಬಂದ ಕಡೆ ತೂರಿಕೊಳ್ಳುವವರು. ಫ್ಯಾನು ಹಾಕಿದರೆ ಅದರ ಕಡೆಗೂ ತಲೆಯಾಡಿಸುವರು.

ಟೀಚರಮ್ಮ ಕೊರಳಿನ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಬಾಯಿಯೂ ಸುಮ್ಮನಿರಲಿಲ್ಲ. "ಮೊದಲು ನಮ್ಮನೆಯವರ ಮುಂದೆ ಓದ್ಬೇಕು ಸಾರ್. ಅವರು ಎಚ್ಚರ ಇದ್ರೆ ಈ ಬೀಗದಕೈ ನಿಮ್ಮ ಕೈಗೇ ಕೊಟ್ಬಿಡ್ತೀನಿ. ಬೀರು ನಿಮ್ಮದು."

"ಅವರು ಸುಳ್ಳು ನಿದ್ದೆ ಮಾಡಿದ್ರೆ?"

"ಬಂದು ಪಕ್ಕದಲ್ಲೇ ಕೂತ್ಕೊಂಡು ನೋಡಿ!"

ರಜೆಯ ದಿನ ಮಧ್ಯಾಹ್ನ ಇನ್ಸ್‌ಪೆಕ್ಟರು, ಹೆಡ್ ಮೇಷ್ಟ್ರು ಇಬ್ಬರೂ ಅಂಗಡಿಗೆ ಬಂದರು. ಕುರ್ಚಿಗಳಿರಲಿಲ್ಲ, ಪೇರಿಸಿಟ್ಟ ಹಾಸಿಗೆಗಳ ಮೇಲೆಯೇ ಕೂರಿಸಿದ್ದಾಯಿತು. ಹೆಡ್ ಮೇಷ್ಟ್ರು ಕೂತೊಡನೆ ಸೊಂಟದವರೆಗೆ ಹೂತುಹೋದರು. ಟೀಚರಮ್ಮನ ಅತ್ತೆ ಒಳಬಾಗಿಲಿಗೆ ಒರಗಿ ನಿಂತರು. ಗಂಡ ಹೊಸ ಹಾಸಿಗೆಯ ಮೇಲೆ ಅಂಗಾತ ಮಲಗಿದರು.

ಟೀಚರಮ್ಮ ಪುಸ್ತಕ ಬಿಡಿಸಿದರು. ಅಚ್ಚುಕಟ್ಟು ಬಾಲಕನು ಬೆಳಿಗ್ಗೆ ಎದ್ದು ಹಲ್ಲುಗಳನ್ನು ಅಚ್ಚುಕಟ್ಟಾಗಿ ಉಜ್ಜಿದನು. ಆಮೇಲೆ ಬಾಯನ್ನು ಅಚ್ಚುಕಟ್ಟಾಗಿ ಮುಕ್ಕಳಿಸಿದನು. ಆಮೇಲೆ ಬ್ರಷ್ಷನ್ನು ಅಚ್ಚುಕಟ್ಟಾಗಿ ತೊಳೆದನು. ಮೊದಲನೆಯ ಅಧ್ಯಾಯ ಮುಗಿದರೂ ಪುಣ್ಯಾತ್ಮ ಬಚ್ಚಲುಮನೆಯಿಂದ ಹೊರಬಿದ್ದಿರಲಿಲ್ಲ.

ಬೇಕೆಂದೇ ಸಪ್ಪೆಯಾಗಿ ಓದಿದಳು ಎಂಬ ಮಾತು ಬರಬಾರದಲ್ಲ! ಟೀಚರಮ್ಮ ಇದ್ದಬದ್ದ ವಿದ್ಯೆಯನ್ನೆಲ್ಲ ಸುರಿದು ಓದಿದರು. ಹಲ್ಲುಜ್ಜುವುದನ್ನು ಯುದ್ಧದ ಹಾಗೆ ಓದಿದರು. ಬಾಯಿ ಮುಕ್ಕಳಿಸುವಾಗ ಅಣೆಕಟ್ಟು ಒಡೆದ ಹಾಗಾಯಿತು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಬ್ರಷ್ಷು ಏನಾಯಿತೆಂದು ತಿಳಿಯಲು ಇಳಿದು ನಿಂತ.

ಗಂಡನ ಕಣ್ಣು ಮುಚ್ಚಲಿಲ್ಲ. ಮುಚ್ಚುವುದಿರಲಿ, ತಟ್ಟೆಯಷ್ಟು ಅಗಲವಾಯಿತು. ಎರಡನೆಯ ಅಧ್ಯಾಯ ಮುಗಿಯಿತು, ಮೂರನೆಯದೂ ಮುಗಿಯಿತು. ಟೀಚರಮ್ಮನ ಗಂಟಲು ಒಣಗಿತು.

"ಇಷ್ಟು ಸಾಕು, ಪಾಸು!" ಎಂದು ಇನ್ಸ್‌ಪೆಕ್ಟರು ತೊಡೆ ತಟ್ಟಿದರು.

"ಪಾಸು, ಪಾಸು" ಎಂದರು ಹೆಡ್ ಮೇಷ್ಟ್ರು, ಹಾಸಿಗೆಯ ಆಳದಿಂದ.

"ಏನ್ರೀ ಇದು? ಯಾಕೆ ನಿದ್ದೆ ಮಾಡ್ಲಿಲ್ಲ?" ಟೀಚರಮ್ಮನ ದನಿ ಅಳು ಅಳುವಾಯಿತು.

"ನೀನೇ ಅಷ್ಟು ಖುಷಿಯಾಗಿ ಓದ್ತಿದ್ದೆಯಲ್ಲೇ! ನಿನಗೆ ತುಂಬ ಹಿಡಿಸಿದೆ ಅಂದ್ಕೊಂಡೆ."

"ನನಗೆ ಹಿಡಿಸೋದಕ್ಕೂ ನಿಮ್ಮ ನಿದ್ದೆಗೂ ಏನ್ರೀ ಸಂಬಂಧ?"

ಗಂಡ ಎದ್ದು ಕೂತು ತಲೆಯಲ್ಲಿದ್ದ ಹತ್ತಿ ಕೊಡವಿದರು. "ಪುಸ್ತಕ ಬೇಜಾರಾದ್ರೆ ನಿನ್ನ ದನಿ ಒದ್ದೆ ಹತ್ತಿ ಥರ ಭಾರ ಆಗುತ್ತೆ. ಪಾಪ, ಇನ್ನೂ ಯಾಕೆ ಒದ್ದಾಡ್ತಾಳೆ ಅಂತ ಕಣ್ಣು ಮುಚ್ಕೋತಿದ್ದೆ. ನಿನಗೂ ಬಿಡುಗಡೆ, ನನಗೂ ಬಿಡುಗಡೆ. ಹಾಸಿಗೆ ಹೊಲಿಯೋನಿಗೆ ಎಲ್ಲಾದ್ರೂ ಹಗಲುನಿದ್ದೆ ಬರುತ್ತೇನೇ? ಮಿಠಾಯಿ ಅಂಗಡಿಯವನಿಗೆ ಮಿಠಾಯಿ ಸೇರುತ್ತಾ?"

"ಕಳ್ಳನಿದ್ದೇಲಿ ನನ್ನ ಮಗನ್ನ ಮೀರಿಸೋರೇ ಇಲ್ಲ" ಎಂದರು ಅತ್ತೆ ಹೆಮ್ಮೆಯಿಂದ. "ಚಿಕ್ಕೋನಿದ್ದಾಗ ಸ್ಕೂಲಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಮಲಗ್ತಿದ್ದ. ಅದಕ್ಕೇ ನೋಡಿ, ಹಾಸಿಗೆ ಹೊಲೀತಾನೆ."

ಟೀಚರಮ್ಮನಿಗೆ ಕಾಲಕೆಳಗಿನ ನೆಲವೇ ಕುಸಿದಂತಾಯಿತು. ಇಷ್ಟು ವರ್ಷ ಊರೆಲ್ಲ ಡಂಗುರ ಹೊಡೆದ ನಿದ್ದೆ ನಿದ್ದೆಯೇ ಅಲ್ಲ! ಆದರೆ ಕುಸಿದ ನೆಲದ ಕೆಳಗೆ ಇನ್ನೊಂದು ನೆಲ ಕಾಲಿಗೆ ತಾಗಿತು. ಹಾಗಾದರೆ ಹಸು, ಮೊಸಳೆ ಎಲ್ಲವನ್ನೂ ಆರಿಸಿದವರು ಯಾರು? ತಾನೇ ಅಲ್ಲವೇ?

ಇನ್ಸ್‌ಪೆಕ್ಟರು ಕೈ ಚಾಚಿದರು. "ಗಂಡ ಹೆಂಡತಿ ಸೇರ್ಕೊಂಡು ಶಾಲೆಯ ಮುಂದೆ ನಾಟಕ ಆಡಿದೀರಿ. ತನ್ನಿ ಬೀಗದಕೈ."

ಆಡಿದ ಮಾತು. ಟೀಚರಮ್ಮ ಕೊರಳಿನಿಂದ ದಾರ ತೆಗೆದರು. ತೆಗೆದವರು ಮುಷ್ಟಿ ಬಿಡಿಸಲಿಲ್ಲ. "ಕೊಡ್ತೀನಿ ಸಾರ್. ಆದ್ರೆ ದಿನಾ ಮಕ್ಕಳ ಮುಂದೆ ಇದನ್ನ ಓದಬೇಕಾದವಳು ನಾನು. ಇವತ್ತಿನ ಹಾಗೆ ದಿನಾ ಕಿರುಚಿದ್ರೆ ನನ್ನ ಗಂಟಲು ಉಳಿಯಲ್ಲ. ಸರಿಯಾಗಿ ಹೇಗೆ ಓದಬೇಕು ಅಂತ ನೀವೇ ಒಂದಿಷ್ಟು ಓದಿ ತೋರಿಸಿ."

ಇನ್ಸ್‌ಪೆಕ್ಟರು ಉಬ್ಬಿದರು. ಎದ್ದುನಿಂತು ಕೆಮ್ಮಿ ನಾಲ್ಕನೆಯ ಅಧ್ಯಾಯಕ್ಕೆ ಕೈಹಾಕಿದರು. ಗಂಡ ಮತ್ತೆ ಹಾಸಿಗೆಗೆ ಒರಗಿದರು. ಬಾಲಕನು ಮೇಲಿನ ಗುಂಡಿಯನ್ನು ಅಚ್ಚುಕಟ್ಟಾಗಿ ಹಾಕಿದನು. ಅದರ ಕೆಳಗಿನ ಗುಂಡಿಯನ್ನು ಅಚ್ಚುಕಟ್ಟಾಗಿ ಹಾಕಿದನು. ಅದರ ಕೆಳಗಿನ ಗುಂಡಿಯನ್ನು… ಬಾಗಿಲಲ್ಲಿದ್ದ ಸೈಕಲ್ಲಿನವನು ಹೊರಟುಹೋದ. ನೊಣಗಳು ಗೋಡೆ ಹಿಡಿದು ಕೂತವು. ಬಾಲಕನ ಅಂಗಿಗೆ ಗುಂಡಿಗಳು ಇನ್ನೂ ಬಾಕಿಯಿರುವಾಗಲೇ ಹೊಸ ಹಾಸಿಗೆಯ ಮೇಲಿಂದ ಗರಗಸದಂಥ ಗೊರಕೆ ಎದ್ದಿತು. ಮದುವೆಯಾದಂದಿನಿಂದ ಹಗಲಲ್ಲಿ ಆ ಸದ್ದು ಆ ಮನೆಯಲ್ಲಿ ಕೇಳಿರಲಿಲ್ಲ. ಅತ್ತೆ ಗಾಬರಿಯಾಗಿ ಮಗನ ಹಣೆ ಮುಟ್ಟಿ ನೋಡಿದರು.

"ನೋಡಿದ್ರಾ, ಮತ್ತೆ ನಾಟಕ!" ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿ ಗುಡುಗಿದರು. "ಇದಕ್ಕೆ ನೀವೇ ಸಾಕ್ಷಿ ಹೆಡ್ ಮೇಷ್ಟ್ರೇ! ಹೆಡ್ ಮೇಷ್ಟ್ರೇ?"

ಹೌದೌದು ಎನ್ನುವವರು ಯಾರೂ ಇರಲಿಲ್ಲ. ಹೆಡ್ ಮೇಷ್ಟ್ರು ಎರಡು ಹಾಸಿಗೆಗಳ ನಡುವೆ ಕತ್ತಿನವರೆಗೆ ಇಳಿದಿದ್ದರು. ಕನ್ನಡಕ ಗಲ್ಲದ ಮೇಲಿತ್ತು. ಬಾಯಿ ತೆರೆದಿತ್ತು.

ಟೀಚರಮ್ಮ ದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

"ನಮ್ಮನೆಯವರದ್ದು ನಾಟಕ ಅಂತಲೇ ಇಟ್ಕೊಳ್ಳಿ ಸಾರ್. ಹೆಡ್ ಮೇಷ್ಟ್ರಿಗೆ ಪಾರ್ಟು ಕೊಟ್ಟೋರು ಯಾರು?"